ಪೂರ್ಣ ಸಮರ್ಪಣೆ: ಕನ್ನಡ ಕ್ರೈಸ್ತ ಬದುಕಿನಲ್ಲಿ

ಮನಸ್ಸು, ದುಡಿಮೆ, ಹಣ, ಮನೆತನ, ಆಯುಸ್ಸು ಇವುಗಳಲ್ಲಿ ಯಾವುದನ್ನೂ ತನಗೆಂದು ಪಕ್ಕಕ್ಕೆ ಎತ್ತಿಟ್ಟುಕೊಳ್ಳದೆ, ದೇವರಿಗೆ ಪೂರ್ತಿಯಾಗಿ ಒಪ್ಪಿಸಿಕೊಂಡು ಬದುಕುವ ಕ್ರೈಸ್ತ ಜೀವನಕ್ರಮವೇ ಪೂರ್ಣ ಸಮರ್ಪಣೆ. ಕ್ರೈಸ್ತ ಧರ್ಮದ ಎಲ್ಲ ಶಾಖೆಗಳೂ ಇದನ್ನು ಒಪ್ಪುತ್ತವೆ. ಆದರೆ ಯಾವುದನ್ನು ‘ಪೂರ್ಣ’ ಎನ್ನಬೇಕು ಎಂಬಲ್ಲಿ ಒಂದೊಂದು ಶಾಖೆಯದೂ ಒಂದೊಂದು ದಾರಿ. ಕೆಲವರು ಮನೆಮಠ ಬಿಟ್ಟು ವ್ರತ ತೊಡುತ್ತಾರೆ. ಕೆಲವರು ಇದ್ದ ಊರಲ್ಲೇ ಇದ್ದು, ಮಾಡುತ್ತಿದ್ದ ಕೆಲಸವನ್ನೇ ದೇವರ ಕೆಲಸವೆಂದು ಮಾಡುತ್ತಾರೆ. ಇನ್ನು ಕೆಲವರಿಗೆ ಪವಿತ್ರಾತ್ಮನ ಅನುಭವವೊಂದೇ ಗುರುತು.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87ರಷ್ಟು, ಎಂದರೆ ಸುಮಾರು 11.4 ಲಕ್ಷ. ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಅವರು ಹೆಚ್ಚು. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಬಯಲುಸೀಮೆಯಲ್ಲಿ ತೀರ ವಿರಳ. ಆದರೂ ಕನ್ನಡ ಕ್ರೈಸ್ತ ಭಕ್ತಿಯ ಇತಿಹಾಸದಲ್ಲಿ ತುಮಕೂರು ಜಿಲ್ಲೆಗೆ ಅದರ ಸಂಖ್ಯೆಗೆ ಮೀರಿದ ಪಾಲಿದೆ. ಆ ಪಾಲು ಗುಬ್ಬಿಯಿಂದ ಶುರುವಾಗುತ್ತದೆ.

ಶಾಸ್ತ್ರದ ನೆಲೆ

ಈ ಕಲ್ಪನೆಯ ಬೇರು ಇಸ್ರಾಯೇಲರ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿದೆ. ಹೃದಯ, ಪ್ರಾಣ, ಶಕ್ತಿ ಮೂರನ್ನೂ ಕೂಡಿಸಿ ಒಬ್ಬನೇ ದೇವರನ್ನು ಪ್ರೀತಿಸಬೇಕೆಂಬ ಆಜ್ಞೆ ಅಲ್ಲಿ ಬರುತ್ತದೆ. ಯೆಹೂದ್ಯರ ಮನೆಗಳಲ್ಲಿ ದಿನವೂ ಹೇಳುತ್ತಿದ್ದ ಈ ಮಾತನ್ನೇ ಯೇಸು ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಎಂದು ಎತ್ತಿ ಹಿಡಿದ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ಇದಕ್ಕೆ ಬುದ್ಧಿಯನ್ನೂ ಸೇರಿಸುತ್ತದೆ. ನೆರೆಯವನನ್ನು ಪ್ರೀತಿಸು ಎಂಬ ಎರಡನೆಯ ಆಜ್ಞೆ ಅದರ ಬೆನ್ನಿಗೇ ಇದೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದುಕೊಂಡ ಭಕ್ತಿಯನ್ನು ಬೈಬಲ್ಲೇ ಸಂಶಯದಿಂದ ನೋಡುತ್ತದೆ.

ಬೈಬಲ್ ಈ ವಿಷಯವನ್ನು ತತ್ತ್ವವಾಗಿ ಹೇಳುವುದು ಕಡಿಮೆ, ಕಥೆಯಾಗಿ ಹೇಳುವುದೇ ಹೆಚ್ಚು. ಕಾನಾನ್ ದೇಶವನ್ನು ನೋಡಿಬಂದ ಗೂಢಚಾರರಲ್ಲಿ ಹೆಚ್ಚಿನವರು ಹೆದರಿದಾಗ ದೇವರ ಮಾತನ್ನು ಬಿಡದೆ ನಿಂತ ಕಾಲೇಬ, ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡೇ ಕಾಸು ಹಾಕಿದರೂ ತನ್ನಲ್ಲಿದ್ದದ್ದನ್ನೆಲ್ಲ ಹಾಕಿದ ವಿಧವೆ ಒಂದು ಕಡೆ ನಿಲ್ಲುತ್ತಾರೆ. ಇನ್ನೊಂದು ಕಡೆ ಯೂದಾಯದ ಅರಸ ಅಮಚ್ಯ. ಅವನು ಒಳ್ಳೆಯದನ್ನೇ ಮಾಡಿದ, ಪೂರ್ಣಮನಸ್ಸಿನಿಂದ ಮಾಡಲಿಲ್ಲ ಎಂದು ಪೂರ್ವಕಾಲವೃತ್ತಾಂತ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಹೊಲ ಮಾರಿದ ಹಣದಲ್ಲಿ ಒಂದಿಷ್ಟನ್ನು ಮುಚ್ಚಿಟ್ಟು, ಎಲ್ಲವನ್ನೂ ಕೊಟ್ಟೆವೆಂದು ಹೇಳಿದ ಅನನೀಯ ಮತ್ತು ಸಪ್ಫೈರರ ಕಥೆ ಇವೆಲ್ಲಕ್ಕಿಂತ ಕಠೋರವಾದದ್ದು. ಅವರ ತಪ್ಪು ಕಡಿಮೆ ಕೊಟ್ಟದ್ದಲ್ಲ, ಅರ್ಧವನ್ನು ಪೂರ್ಣವೆಂದು ತೋರಿಸಿದ್ದು.

ಎರಡು ಹಳೆಯ ದಾರಿಗಳು

ಮೂರನೆಯ ಶತಮಾನದ ಕೊನೆಗೆ ಈಜಿಪ್ಟಿನ ಆಂತೋನಿ ಆಸ್ತಿಯನ್ನೆಲ್ಲ ಮಾರಿ ಮರುಭೂಮಿಗೆ ಹೋದ. ಅವನ ಹಿಂದೆ ಹುಟ್ಟಿದ ಸಂನ್ಯಾಸ ಪರಂಪರೆಗೆ ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ನಿಯಮಾವಳಿ ಬರೆದುಕೊಟ್ಟ. ಅಸ್ಸಿಸಿಯ ಫ್ರಾನ್ಸಿಸ್ ಬಡತನವನ್ನೇ ವ್ರತ ಮಾಡಿಕೊಂಡ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು ಕ್ಯಾಥೊಲಿಕ್ ಮಠಗಳಲ್ಲಿ ಇಂದಿಗೂ ಸಮರ್ಪಣೆಯ ಚೌಕಟ್ಟು. 16ನೇ ಶತಮಾನದಲ್ಲಿ ಲೂಥರ್ ಈ ಚೌಕಟ್ಟನ್ನೇ ಪ್ರಶ್ನಿಸಿದ. ದೇವರಿಗೆ ಒಪ್ಪಿಸಿಕೊಳ್ಳಲು ಮಠವೇ ಬೇಕಿಲ್ಲ, ಚಪ್ಪಲಿ ಹೊಲಿಯುವವನ ಅಂಗಡಿಯೂ ತಾಯಿಯ ಅಡುಗೆಮನೆಯೂ ಅಷ್ಟೇ ಪವಿತ್ರವಾದ ಕರೆ ಎಂಬುದು ಅವನ ವಾದ. ಕಾಯಕ, ದಾಸೋಹಗಳ ಮಾತನ್ನು 12ನೇ ಶತಮಾನದಿಂದ ಕೇಳಿ ಬಲ್ಲ ಕನ್ನಡಿಗನಿಗೆ ಈ ವಾದ ಹೊಸದೆನಿಸುವುದಿಲ್ಲ.

ಕರ್ನಾಟಕಕ್ಕೆ ಬಂದ ಪ್ರಾಟೆಸ್ಟೆಂಟ್ ಮಿಷನ್ನುಗಳಲ್ಲಿ ಎರಡು ಈ ವಿಷಯದಲ್ಲಿ ತೀವ್ರವಾಗಿದ್ದವು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ ಬೇರೂರಿತ್ತು; ಅದರ ಜನ 1834ರಲ್ಲಿ ಮಂಗಳೂರಿಗೆ ಬಂದರು. ವೆಸ್ಲಿಯನ್ ಮಿಷನ್ನಿನ ಹಿಂದೆ ಜಾನ್ ವೆಸ್ಲಿಯ ‘ಕ್ರೈಸ್ತ ಪರಿಪೂರ್ಣತೆ’ಯ ಬೋಧನೆ ಇತ್ತು. ಪ್ರೀತಿಯಿಂದ ಪೂರ್ತಿ ತುಂಬಿದ ಹೃದಯವನ್ನು ಸತ್ತ ಮೇಲಲ್ಲ, ಇದೇ ಬದುಕಿನಲ್ಲಿ ದೇವರು ಕೊಡಬಲ್ಲ ಎಂದು ವೆಸ್ಲಿ ನಂಬಿದ್ದ. 1766ರಲ್ಲಿ ಅದನ್ನು ಒಂದು ಪುಸ್ತಕವಾಗಿಯೂ ಬರೆದ. ಅದಕ್ಕೂ ಮೊದಲೇ, 1755ರ ಆಗಸ್ಟ್‌ನಲ್ಲಿ, ಲಂಡನ್ನಿನಲ್ಲಿ ಅವನು ನಡೆಸಿದ ಒಡಂಬಡಿಕೆಯ ಆರಾಧನೆ ಅವನ ಅನುಯಾಯಿಗಳಾದ ಮೆಥಡಿಸ್ಟರಲ್ಲಿ ವರ್ಷಕ್ಕೊಮ್ಮೆಯ ಪದ್ಧತಿಯಾಯಿತು. ಅಲ್ಲಿ ಭಕ್ತ ತನ್ನ ಮೇಲಿನ ಹಕ್ಕನ್ನು ಬಿಟ್ಟುಕೊಡುತ್ತಾನೆ: ದುಡಿಯಲು ಕರೆದರೂ ಒಪ್ಪಿಗೆ, ಕೈಬಿಟ್ಟು ಮೂಲೆಯಲ್ಲಿ ಕೂರಿಸಿದರೂ ಒಪ್ಪಿಗೆ ಎಂಬುದು ಅದರ ಸಾರ. ಮೊದಲಿನ ಅರ್ಧಕ್ಕೆ ಉತ್ಸಾಹಿಗಳು ಬೇಕಾದಷ್ಟು ಸಿಗುತ್ತಾರೆ. ಎರಡನೆಯ ಅರ್ಧ ಎಷ್ಟು ಕಷ್ಟವೆಂಬುದು ಗುಬ್ಬಿಗೆ ಬಂದ ಒಬ್ಬ ಹುಡುಗನ ಪಾಲಿಗೆ ಬಂತು.

ಗುಬ್ಬಿ

ವೆಸ್ಲಿಯನ್ನರು ಗುಬ್ಬಿಯಲ್ಲಿ ನೆಲೆ ಹೂಡಿದ್ದು 1837ರಲ್ಲಿ, ಥಾಮಸ್ ಹಾಡ್ಸನ್‌ನ ಮುಂದಾಳ್ತನದಲ್ಲಿ. ಬೆಂಗಳೂರಿನಂತೆ ದಂಡಿನ ಊರಲ್ಲ ಅದು. ಅಡಿಕೆ ವ್ಯಾಪಾರದ, ವಾರದ ಸಂತೆಯ, ಚನ್ನಬಸವೇಶ್ವರನ ಊರು. ಸುತ್ತಮುತ್ತ ಲಿಂಗಾಯತರು ಹೆಚ್ಚು. ಭಕ್ತಿ, ನಿಷ್ಠೆ, ಶರಣು, ಪ್ರಸಾದ ಎಂಬ ಮಾತುಗಳು ಅಲ್ಲಿ ದಿನಬಳಕೆಯವು. ಭಕ್ತನಿಂದ ಐಕ್ಯನವರೆಗೆ ಆರು ಸ್ಥಲಗಳನ್ನು ಬಲ್ಲ ಜನರ ಎದುರು ನಿಂತು ‘ದೇವರಿಗೆ ನಿಮ್ಮನ್ನು ಒಪ್ಪಿಸಿಕೊಳ್ಳಿ’ ಎಂದರೆ ಬೋಧಕನಿಗೆ ಎದುರು ಪ್ರಶ್ನೆ ಬಾರದೆ ಇರುತ್ತಿರಲಿಲ್ಲ. ಸಂತೆಯಲ್ಲಿ ಬೋಧಿಸುವುದೆಂದರೆ ವಾದಕ್ಕೆ ನಿಲ್ಲುವುದೇ ಆಗಿತ್ತು.

ವಿಲಿಯಂ ಆರ್ಥರ್ ಅಲ್ಲಿಗೆ ಬಂದದ್ದು 1839ರಲ್ಲಿ. ಐರ್ಲೆಂಡಿನವನು, 1819ರಲ್ಲಿ ಹುಟ್ಟಿದವನು. ಬಂದಾಗ ಇಪ್ಪತ್ತು ವರ್ಷ. ಕನ್ನಡ ಕಲಿತ, ಸಂತೆಗಳಲ್ಲಿ ಮಾತಾಡತೊಡಗಿದ. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು, ಮೈಯೂ ಸೋತಿತು. 1841ರಲ್ಲಿ ಹಡಗು ಹತ್ತಿ ಹಿಂದಿರುಗಬೇಕಾಯಿತು. ಇಡೀ ಜೀವ ತೇಯುತ್ತೇನೆಂದು ಬಂದವನ ಸೇವೆ ಎರಡೇ ವರ್ಷಕ್ಕೆ ಮುಗಿದಿತ್ತು. ಊರಿಗೆ ಹೋದ ಮೇಲೆ 1847ರಲ್ಲಿ ಮೈಸೂರು ಸೀಮೆಯ ತನ್ನ ಅನುಭವಗಳನ್ನು ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕವಾಗಿ ಬರೆದ. ಗುಬ್ಬಿಯ ಜನ, ಅವರ ವಾದ, ಹಳ್ಳಿಯ ಬದುಕು ಅದರಲ್ಲಿವೆ. ವಸಾಹತು ಕಾಲದ ಪಾದ್ರಿಯ ಮೇಲರಿಮೆ ಅದರಲ್ಲಿಲ್ಲ ಎನ್ನುವಂತಿಲ್ಲ. ಆದರೂ ತುಮಕೂರು ಸೀಮೆಯ ಸಮಾಜ ಚರಿತ್ರೆ ಬರೆಯುವವರಿಗೆ ಅದು ಬೇಕಾಗುವ ಪುಸ್ತಕ.

ಆರ್ಥರನ ಹೆಸರು ಉಳಿದದ್ದು ಮಾತ್ರ ಅದರಿಂದಲ್ಲ. 1856ರಲ್ಲಿ ಬಂದ ‘ದ ಟಂಗ್ ಆಫ್ ಫೈರ್’ ಎಂಬ ಇನ್ನೊಂದು ಪುಸ್ತಕದಿಂದ. ಪೆಂತೆಕೊಸ್ತ್ ದಿನ ಶಿಷ್ಯರ ಮೇಲೆ ಇಳಿಯಿತೆನ್ನುವ ಬೆಂಕಿಯ ನಾಲಿಗೆಯೇ ಅದರ ವಸ್ತು. ಪಾಂಡಿತ್ಯ, ಹಣ, ಸಂಘಟನೆ ಎಷ್ಟಿದ್ದರೂ ಆತ್ಮನ ಬಲವಿಲ್ಲದೆ ಸಭೆ ಸೊರಗುತ್ತದೆ, ಆ ಬಲ ಮೊದಲ ಶತಮಾನಕ್ಕೇ ಮುಗಿದುಹೋಗಿಲ್ಲ ಎಂಬುದು ವಾದ. ಇಂಗ್ಲೆಂಡು, ಅಮೆರಿಕಗಳಲ್ಲಿ ಮರುಮುದ್ರಣಗಳಾದವು. ಪರಿಶುದ್ಧ ಜೀವನದ ಚಳವಳಿಯವರೂ ಆಮೇಲೆ ಪೆಂತೆಕೊಸ್ತಲರೂ ಅದನ್ನು ಓದಿದರು. ಆರ್ಥರ್ 1866ರಲ್ಲಿ ಬ್ರಿಟಿಷ್ ಮೆಥಡಿಸ್ಟರ ಸಮ್ಮೇಳನದ ಅಧ್ಯಕ್ಷನಾದ, ತೀರಿಕೊಂಡದ್ದು 1901ರಲ್ಲಿ. ಈಗ ಕರ್ನಾಟಕದ ಪಟ್ಟಣಗಳಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಕೂರುವವರಿಗೆ, ತಾವು ಬಳಸುವ ಬೆಂಕಿಯ ಮಾತಿಗೆ ಬಲ ಕೊಟ್ಟವರಲ್ಲಿ ಒಬ್ಬ ಗುಬ್ಬಿ ಸಂತೆಯಲ್ಲಿ ಕನ್ನಡ ಕಲಿತವನೆಂದು ತಿಳಿದಿರುವ ಸಾಧ್ಯತೆ ಕಡಿಮೆ.

ಹಾಡ್ಸನ್ ಬೇರೆ ಬಗೆಯ ಮನುಷ್ಯ. ದಶಕಗಳ ಕಾಲ ಮೈಸೂರು ಸೀಮೆಯಲ್ಲಿ ದುಡಿದು, 1877ರಲ್ಲಿ ‘ಓಲ್ಡ್ ಡೇನಿಯಲ್’ ಎಂಬ ಚಿಕ್ಕ ಪುಸ್ತಕ ಪ್ರಕಟಿಸಿದ. ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾಗಿ ಡೇನಿಯಲ್ ಎಂಬ ಹೆಸರು ಪಡೆದ ಹಳ್ಳಿಗನೊಬ್ಬನ ಬದುಕು ಅದು. ದೊಡ್ಡ ಪಂಡಿತನ, ಅರಸನ, ಹುತಾತ್ಮನ ಚರಿತ್ರೆಯಲ್ಲ. ಸಾಮಾನ್ಯ ಕನ್ನಡಿಗನೊಬ್ಬ ಕ್ರಿಸ್ತನನ್ನು ಹಿಡಿದು ಮುದುಕನಾಗುವ ತನಕ ಬಿಡದೆ ನಡೆದ ಕಥೆ. ಮಿಷನರಿಗಳು ತಮ್ಮ ಬಗ್ಗೆಯೇ ಪುಟಗಟ್ಟಲೆ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಇಂಥವನೊಬ್ಬನನ್ನು ಪುಸ್ತಕದ ನಡುವಿಗೆ ತಂದದ್ದೇ ಹಾಡ್ಸನ್‌ನ ಹೆಚ್ಚುಗಾರಿಕೆ. ಅದನ್ನು ಬರೆದವನು ಹೊರಗಿನವನು, ಓದುಗರು ಇಂಗ್ಲೆಂಡಿನ ದಾನಿಗಳು ಎಂಬುದನ್ನು ನೆನಪಿಟ್ಟುಕೊಂಡೇ ಅದನ್ನು ಓದಬೇಕು.

ಪುಸ್ತಕ ಬಂದ ಹೊತ್ತಿಗೆ ಮೈಸೂರು ಸೀಮೆಯಲ್ಲಿ 1876–78ರ ಘೋರ ಕ್ಷಾಮ. ಬರದ ಬೆನ್ನಿಗೆ ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯಗಳನ್ನು ನಡೆಸಿದರು. ಗುಬ್ಬಿಯ ಸಂತೆಯ ವಾದಗಳಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಜನ ಈ ಅನಾಥಾಲಯಗಳ ದಾರಿಯಲ್ಲಿ ಸಭೆಗೆ ಬಂದರು ಎಂಬ ಮಾತನ್ನು ತೆಗೆದುಹಾಕುವಂತಿಲ್ಲ. ಅನ್ನ ಕೊಟ್ಟವರ ದೇವರನ್ನು ಮಗುವೊಂದು ನಂಬಿದರೆ ಅದನ್ನು ಪೂರ್ಣಮನಸ್ಸಿನ ಭಕ್ತಿ ಎನ್ನಬಹುದೇ ಎಂದು ಆಗಲೂ ಟೀಕಾಕಾರರು ಕೇಳಿದರು, ಈಗಲೂ ಕೇಳುತ್ತಾರೆ. ಆ ಮಕ್ಕಳ ಮಕ್ಕಳು, ಮೊಮ್ಮಕ್ಕಳು ಯಾರ ಅನ್ನದ ಹಂಗೂ ಇಲ್ಲದೆ ಸಭೆಯಲ್ಲೇ ಉಳಿದಲ್ಲಿ, ಉತ್ತರವನ್ನು ಆ ತಲೆಮಾರುಗಳ ಕೈಯಿಂದಲೇ ಪಡೆಯಬೇಕು.

ಮುಂದೆ ತುಮಕೂರು ಕನ್ನಡದಲ್ಲಿ ದೈವಶಾಸ್ತ್ರ ಕಲಿಸುವ ಊರಾಯಿತು. ಬೇರೆ ಬೇರೆ ಮಿಷನ್ನುಗಳು ಕೂಡಿ ನಡೆಸಿದ ಯೂನಿಯನ್ ಕನ್ನಡ ಸೆಮಿನರಿ ಅಲ್ಲಿತ್ತು. ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ಅಯ್ಯನವರು’ ಎನಿಸಿಕೊಂಡ ಅನೇಕ ಸಭಾಪಾಲಕರು ತರಬೇತಾದದ್ದು ಅಲ್ಲಿ. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಡನೆ ಸೇರಿ, ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು.

ಒಪ್ಪಿಸಿಕೊಂಡವರು, ಒಪ್ಪದವರು

ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ಎದ್ದು ಕಾಣುವವರನ್ನು ಸಾಲಾಗಿ ನಿಲ್ಲಿಸಿದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ದೇವರಿಗೆ ಪೂರ್ತಿ ಒಪ್ಪಿಸಿಕೊಂಡವರಲ್ಲಿ ಹಲವರು ತಮ್ಮದೇ ಮಿಷನ್ನಿನ, ತಮ್ಮದೇ ಸಭೆಯ ಮಾತನ್ನು ಪೂರ್ತಿ ಒಪ್ಪಲಿಲ್ಲ.

ಹಳಬರಿಂದ ಶುರು ಮಾಡಬಹುದು. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಯ ವೇಷದಲ್ಲಿ ಕನ್ನಡ ಕಲಿತು ಮೈಸೂರು ಮಿಷನ್ ಕಟ್ಟಿದ. ಅದೇ ಶತಮಾನದ 80ರ ದಶಕದಲ್ಲಿ ಗೋವೆಯ ಜೋಸೆಫ್ ವಾಜ್ ಕೆನರಾದಲ್ಲಿ ಅಲೆದ. ಅವನನ್ನು ಸಂತನೆಂದು ಘೋಷಿಸಿದ್ದು 2015ರಲ್ಲಿ, ಅವನ ಕೊನೆಯ ಕರ್ಮಭೂಮಿಯಾದ ಶ್ರೀಲಂಕೆಯಲ್ಲಿ.

ಅಬ್ಬೆ ದ್ಯುಬುವಾ ಇವರಿಬ್ಬರಿಗಿಂತ ಕ್ಲಿಷ್ಟ ವ್ಯಕ್ತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರಿಗೆ ಬಂದ ಈ ಫ್ರೆಂಚ್ ಪಾದ್ರಿ ಇಲ್ಲಿಯ ಬಟ್ಟೆ ತೊಟ್ಟ, ಇಲ್ಲಿಯ ಊಟ ಉಂಡ. ಸಿಡುಬಿಗೆ ದಾಕು ಹಾಕಿಸುವ ಕೆಲಸದಲ್ಲಿ ಊರೂರು ಓಡಾಡಿದ. ಜನ ‘ದೊಡ್ಡ ಸ್ವಾಮಿ’ ಎಂದರು. ಅಷ್ಟು ವರ್ಷ ದುಡಿದವನು 1823ರಲ್ಲಿ ಬರೆದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಬಿಟ್ಟು ಹೇಳಿದ. ಮಿಷನರಿ ಲೋಕ ಕೆರಳಿತು. ಫಲ ಬರುವುದೆಂಬ ನಂಬಿಕೆಯೇ ಇಲ್ಲದೆ ಮೂರು ದಶಕ ದುಡಿಯುವುದಕ್ಕಿಂತ ದೊಡ್ಡ ಸಮರ್ಪಣೆ ಇದ್ದೀತೇ ಎಂದು ಅನಿಸುವುದುಂಟು. ಸೋತವನ ಕಹಿ ಅದು ಎಂದವರೂ ಇದ್ದಾರೆ.

ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ಹರ್ಮನ್ ಮೋಗ್ಲಿಂಗ್‌ನಿಂದ ದೀಕ್ಷಾಸ್ನಾನ ಪಡೆದಾಗ ಊರೇ ಗದ್ದಲವಾಯಿತು. ಮನೆತನ, ಜಾತಿ, ಆಪ್ತರು ಒಂದೇ ದಿನಕ್ಕೆ ಕಳಚಿದವು. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಹಿಂದಿರುಗಿದ ಅವರು ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು. ಕೊಡಗಿನ ಆನಂದಪುರದಲ್ಲಿ ಕೆಳಜಾತಿಯ ಕ್ರೈಸ್ತರಿಗಾಗಿ ಕಟ್ಟಿದ ನೆಲೆಯಲ್ಲಿ ಅವರ ಹಣವೂ ಇತ್ತು. ಬ್ರಾಹ್ಮಣನಾಗಿ ಹುಟ್ಟಿದವನೊಬ್ಬ ನೆಲವಿಲ್ಲದವರಿಗೆ ನೆಲ ಮಾಡಿಕೊಡಲು ಕೈಹಾಕಿದ್ದು, ದೀಕ್ಷಾಸ್ನಾನದ ದಿನದ ಗದ್ದಲಕ್ಕಿಂತ ಹೆಚ್ಚು ನೆನಪಿಡಬೇಕಾದ ಸಂಗತಿ.

ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದ. ಕನ್ನಡ ಛಂದಸ್ಸಿನಲ್ಲಿ ಕ್ರಿಸ್ತಚರಿತೆಯನ್ನು ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿ ತಂದ. ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅವನ ಮಿಷನ್ನಿಗೆ ಈ ಪಾಂಡಿತ್ಯದ ಹುಚ್ಚು ಅಷ್ಟಾಗಿ ಹಿಡಿಸಿರಲಿಲ್ಲ. ಬೋಧಕ ಬೋಧಿಸಬೇಕು, ಓಲೆಗರಿಗಳ ಮುಂದೆ ಕೂರುವುದಲ್ಲ ಎಂಬ ಧೋರಣೆ. ಒಂದೊಂದು ಶಬ್ದದ ಎದುರು ಹಳಗನ್ನಡ ಕಾವ್ಯದ ಪ್ರಯೋಗ, ಗಾದೆ, ತಮಿಳು ತೆಲುಗಿನ ನೆಂಟ ಶಬ್ದಗಳನ್ನು ಕೂಡಿಸುತ್ತ ಹೋದ ಆ ದುಡಿಮೆಯನ್ನು ಪ್ರಾರ್ಥನೆ ಎನ್ನಬಹುದೇ ಎಂದು ಕೇಳಿದರೆ, ಕನ್ನಡಿಗರ ಉತ್ತರದಲ್ಲಿ ಸಂಶಯವಿಲ್ಲ. ನೂರಾರು ಪ್ರಸಂಗಗಳು ಕೇಳಿದವರೊಡನೆಯೇ ಹೋದವು. ನಿಘಂಟು ಇವತ್ತೂ ಮೇಜಿನ ಮೇಲಿದೆ.

ಈ ಸಾಲಿನಲ್ಲಿ ಅತ್ಯಂತ ಸ್ವತಂತ್ರ ಮನಸ್ಸು ಪಂಡಿತಾ ರಮಾಬಾಯಿಯದು. ಕಾರ್ಕಳ ಸೀಮೆಯ ಮಾಳದ ಕಡೆಯವರಾದ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಮಾತು ಕೇಳಬೇಕಾಗಿ ಬಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ ಆ ಕಾಡಿನಲ್ಲಿ. ತೀರ್ಥಯಾತ್ರೆಯ ದಾರಿಯಲ್ಲಿ, ಬರದಲ್ಲಿ ತಂದೆತಾಯಿ ತೀರಿಕೊಂಡರು. ಅಣ್ಣನೊಡನೆ ದೇಶ ಸುತ್ತಿ ಕಲ್ಕತ್ತೆಗೆ ಹೋದಾಗ ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಕ್ರೈಸ್ತರಾದ ಕೂಡಲೇ ಅವರ ಜಗಳ ಶುರುವಾಯಿತು. ತಮ್ಮನ್ನು ಸಲಹಿದ ಆಂಗ್ಲಿಕನ್ ಕನ್ಯಾಮಠದ ಸಿಸ್ಟರ್ ಜೆರಾಲ್ಡಿನ್‌ಗೆ ಬರೆದ ಪತ್ರಗಳಲ್ಲಿ ರಮಾಬಾಯಿ ಹಿಡಿದ ಪಟ್ಟು ಒಂದೇ: ದೇವರಿಗೆ ಒಪ್ಪಿಸಿಕೊಂಡಿದ್ದೇನೆ, ಹಾಗೆಂದು ನನ್ನ ಮನಸ್ಸಾಕ್ಷಿಯನ್ನು ಬಿಷಪ್ಪರಿಗೆ ಒಪ್ಪಿಸಿಲ್ಲ. ಅರ್ಥವಾಗದ ತತ್ತ್ವಕ್ಕೆ ತಲೆಯಾಡಿಸಲಾರೆ ಎಂದರು. ಹಿಂದೂ ಶಾಸ್ತ್ರಗಳಲ್ಲಿ ಹೆಣ್ಣಿಗೆ ಹೇಳಿದ ಶರಣಾಗತಿಯನ್ನು ಕೆದಕಿ ನೋಡಿದ್ದ ಕಣ್ಣು, ಕ್ರೈಸ್ತ ವಿಧೇಯತೆಯನ್ನೂ ಅಷ್ಟೇ ನಿಷ್ಠುರವಾಗಿ ನೋಡಿತು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1890ರ ದಶಕದ ಬರಗಳಲ್ಲಿ ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗೆ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಬುದ್ಧಿಗೆ ಒಪ್ಪಿಗೆಯಾದ ಕ್ರೈಸ್ತ ಧರ್ಮ ಮನಸ್ಸಿಗೂ ಇಳಿದದ್ದು ದೀಕ್ಷಾಸ್ನಾನವಾಗಿ ಎಷ್ಟೋ ವರ್ಷದ ಮೇಲೆ ಎಂದು 1907ರ ಆತ್ಮಕಥನದಲ್ಲಿ ಅವರೇ ಹೇಳಿಕೊಂಡಿದ್ದಾರೆ. 1905ರಲ್ಲಿ ಮುಕ್ತಿಯ ಹುಡುಗಿಯರ ನಡುವೆ ಕಾಣಿಸಿಕೊಂಡ ಉಜ್ಜೀವನ, ಅಳುತ್ತ ಉರಿಯುತ್ತ ನಡೆದ ಪ್ರಾರ್ಥನೆಗಳು, ಜಗತ್ತಿನ ಪೆಂತೆಕೊಸ್ತಲ್ ಚರಿತ್ರೆಯ ಮೊದಲ ಪುಟಗಳಲ್ಲಿವೆ. ರಮಾಬಾಯಿ ಆ ಉತ್ಸಾಹವನ್ನು ತಡೆಯಲಿಲ್ಲ. ಮುಕ್ತಿಯ ಹುಡುಗಿಯರ ಓದು, ಕಸುಬು ಕಲಿಯುವುದು ಅದರ ನಡುವೆಯೂ ಸಾಗಿತ್ತು. ಮಗಳು ಮನೋರಮಾ 1912ರಲ್ಲಿ ಕಲಬುರಗಿಯಲ್ಲಿ ಹೈಸ್ಕೂಲು ತೆರೆಯಲು ದುಡಿದಳು. ಮಗಳು 1921ರಲ್ಲಿ, ತಾಯಿ 1922ರಲ್ಲಿ ತೀರಿಕೊಂಡರು.

ಉತ್ತಂಗಿ ಚನ್ನಪ್ಪ (1881–1962) ಬಾಸೆಲ್ ಮಿಷನ್ನಿನ ಬೋಧಕ. ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಇವರೇ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕದ ಹೆಸರಿನಲ್ಲೇ ಅವರ ನಿಲುವು ಇದೆ: ಕಾಶಿಗೆ ಅಪ್ಪಣೆಯಲ್ಲ, ವಿನಂತಿ. ಕ್ರಿಸ್ತನಿಗೆ ಪೂರ್ತಿ ಒಪ್ಪಿಸಿಕೊಂಡವನು ಶರಣರನ್ನು ಬಿಡಬೇಕಾಗಿಲ್ಲ ಎಂಬುದನ್ನು ಅವರು ವಾದಿಸುತ್ತ ಕೂರಲಿಲ್ಲ, ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಪುಸ್ತಕ ಬರೆದು ತೋರಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಈ ಪಾದ್ರಿಯನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು.

ಮಠಗಳು, ಆಶ್ರಮಗಳು

ಕ್ಯಾಥೊಲಿಕ್ ಕರ್ನಾಟಕದಲ್ಲಿ ವ್ರತಜೀವನದ ಹೆಬ್ಬಾಗಿಲು ಮಂಗಳೂರು. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರುಗಳು ಅಲ್ಲಿಗೆ ಬಂದರು. 1921ರಲ್ಲಿ ಸ್ಥಳೀಯ ಪಾದ್ರಿ ರೇಮಂಡ್ ಮಸ್ಕರೇನ್ಹಸ್ ಬೆಥನಿ ಸಿಸ್ಟರುಗಳ ಸಂಘವನ್ನು ಕಟ್ಟಿದರು. ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೊಪತಿ ಔಷಧದ ಪೆಟ್ಟಿಗೆಯಿಂದ ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ ಫಾದರ್ ಆಗಸ್ಟಸ್ ಮುಲ್ಲರ್‌ನ ಕೆಲಸ ಇವತ್ತು ದೊಡ್ಡ ಆಸ್ಪತ್ರೆಯಾಗಿದೆ. ಬೆಂಗಳೂರಿನ ಕೆಂಗೇರಿ ಬಳಿಯ ಅಸೀರ್ವನಂ ಬೆನೆಡಿಕ್ಟಿನ್ ಮಠ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆ ಜನರ ಭಾಷೆಗೆ ಬಂದ ಮೇಲೆ, ಡಿ. ಎಸ್. ಅಮಲೋರ್ಪವದಾಸ್ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ 1979ರಲ್ಲಿ ಅಂಜಲಿ ಆಶ್ರಮ ತೆರೆದರು. ನೆಲದ ಮೇಲೆ ಕೂತು ಧ್ಯಾನ, ದೀಪ, ಆರತಿ, ಸಸ್ಯಾಹಾರ. ದೇಶೀಯ ರೂಪದ ಈ ಸಮರ್ಪಣೆಯನ್ನು ಒಳಗಿನ ಕೆಲವರು ಬೇಡವೆಂದರು, ಹೊರಗಿನ ಕೆಲವರು ವೇಷವೆಂದರು.

ದಿನದ ಆಚರಣೆಯಲ್ಲಿ

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಮೆಥಡಿಸ್ಟರೂ ಅದರೊಳಗೆ ಬಂದರು. ಅವರ ಒಡಂಬಡಿಕೆಯ ಆರಾಧನೆಯೂ ಜೊತೆಗೇ ಬಂತು. ಡಿಸೆಂಬರ್ 31ರ ರಾತ್ರಿಯ ಜಾಗರಣೆ ಮುಗಿಸಿ, ಹೊಸ ವರ್ಷದ ಆರಂಭದಲ್ಲಿ ಸಭೆಯವರೆಲ್ಲ ಎದ್ದು ನಿಂತು ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ ಪದ್ಧತಿ ಹಳೆಯ ಮೆಥಡಿಸ್ಟ್ ಸಭೆಗಳಲ್ಲಿ ಉಳಿದಿದೆ. ಕ್ಯಾಥೊಲಿಕರಲ್ಲಿ ತಪಸ್ಸು ಕಾಲದ ಶುಕ್ರವಾರಗಳಂದು ಶಿಲುಬೆಯ ಹಾದಿ, ಮನೆಯಲ್ಲಿ ಜಪಸರ. ಕನಕಪುರ ಸೀಮೆಯ ಹಾರೋಬೆಲೆಯಲ್ಲಿ ಕ್ರಿಸ್ತನ ಪಾಡನ್ನು ಊರವರೇ ಆಡುವ ‘ಮಹಿಮೆ’ ನಾಟಕ. ಪೆಂತೆಕೊಸ್ತಲ್ ಕೂಟಗಳಲ್ಲಿ ಉಪವಾಸ, ಸಾಕ್ಷಿ ಹೇಳುವುದು, ಕೊನೆಗೆ ‘ಒಪ್ಪಿಸಿಕೊಳ್ಳುವವರು ಮುಂದೆ ಬನ್ನಿ’ ಎಂಬ ಕರೆ.

ಬಯಲುಸೀಮೆಯ ಸಭೆಗಳಲ್ಲಿ ಸಮರ್ಪಣೆ ಕಣ್ಣಿಗೆ ಕಾಣುವುದು ಸುಗ್ಗಿ ಹಬ್ಬದಲ್ಲಿ. ರಾಗಿ ತೆನೆ, ಅವರೆಕಾಯಿ, ತೆಂಗಿನಕಾಯಿ, ಹುಣಿಸೆಹಣ್ಣು, ಕಾಲು ಕಟ್ಟಿದ ನಾಟಿಕೋಳಿ, ಮನೆಯಲ್ಲಿ ಮಾಡಿದ ಹೋಳಿಗೆ, ಎಲ್ಲವೂ ಪೀಠದ ಮುಂದೆ ಬಂದು ಕೂರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತೆಂಗಿನಕಾಯಿ ಇಲ್ಲಿ ‘ಒಂದು ಸರ್ತಿ, ಎರಡು ಸರ್ತಿ’ ಎನ್ನುವಷ್ಟರಲ್ಲಿ ನೂರಾರು ರೂಪಾಯಿ ದಾಟುತ್ತದೆ. ಕೊಂಡವನು ಅದನ್ನೇ ಮತ್ತೆ ಕಾಣಿಕೆಯಾಗಿ ಕೊಟ್ಟು ಇನ್ನೊಮ್ಮೆ ಹರಾಜಿಗೆ ಹಾಕಿಸುವುದೂ ಉಂಟು. ನಗು, ಪೈಪೋಟಿ, ಒಂದಿಷ್ಟು ಜಂಬ ಎಲ್ಲವೂ ಅಲ್ಲಿರುತ್ತವೆ. ವಿಧವೆಯ ಎರಡು ಕಾಸಿನ ಕಥೆಯನ್ನು ಬೆಳಿಗ್ಗೆ ಪ್ರಸಂಗದಲ್ಲಿ ಕೇಳಿದವರೇ ಮಧ್ಯಾಹ್ನ ಹೆಚ್ಚು ಕೂಗಿದವನಿಗೆ ಚಪ್ಪಾಳೆ ತಟ್ಟುತ್ತಾರೆ.

ಆದಾಯದ ಹತ್ತರಲ್ಲೊಂದು ಪಾಲು, ದಶಮಾಂಶ, ಕಡ್ಡಾಯವೇ ಎಂಬ ಚರ್ಚೆ ಸಭೆಗಳಲ್ಲಿ ಮುಗಿದಿಲ್ಲ. ಹೊಸ ಕೂಟಗಳು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಹಳೆಯ ಸಭೆಗಳಲ್ಲಿ ಹಲವರು, ಎಲ್ಲವೂ ದೇವರದೇ ಎಂದ ಮೇಲೆ ಹತ್ತರಲ್ಲೊಂದರ ಲೆಕ್ಕ ಉಳಿದ ಒಂಬತ್ತನ್ನು ತನ್ನದಾಗಿಸಿಕೊಳ್ಳುವ ಉಪಾಯವಾಗಬಾರದು ಎನ್ನುತ್ತಾರೆ. ಮಳೆಯನ್ನೇ ನಂಬಿದ ರೈತನಿಗೆ ಹತ್ತರಲ್ಲೊಂದು ಯಾವುದರದು ಎಂದು ಲೆಕ್ಕ ಹಾಕುವುದೇ ಕಷ್ಟ. ಬೀಜ, ಗೊಬ್ಬರ, ಸಾಲದ ಬಡ್ಡಿ ಕಳೆದರೆ ಕೆಲವು ವರ್ಷ ಲೆಕ್ಕಕ್ಕೇ ಏನೂ ಉಳಿಯುವುದಿಲ್ಲ.

ಟೀಕೆ

ಪೂರ್ಣ ಸಮರ್ಪಣೆಯ ಬೋಧನೆಗೆ ಕ್ರೈಸ್ತರೊಳಗಿನಿಂದಲೇ ಬಂದಿರುವ ಟೀಕೆ ಗಟ್ಟಿಯಾದದ್ದು. ಒಪ್ಪಿಸಿಕೊಳ್ಳಿ ಎಂಬ ಮಾತನ್ನು ಅಧಿಕಾರದಲ್ಲಿರುವವರು ಹೇಳಿದಾಗ, ದೇವರಿಗೆ ಸಲ್ಲಬೇಕಾದ ವಿಧೇಯತೆ ಬೋಧಕನಿಗೆ, ಗಂಡನಿಗೆ, ಸಂಸ್ಥೆಗೆ ಸಂದುಬಿಡುತ್ತದೆ. ಮಹಿಳಾ ದೈವಶಾಸ್ತ್ರಜ್ಞರು ಇದನ್ನು ಎತ್ತಿ ತೋರಿಸುತ್ತ ಬಂದಿದ್ದಾರೆ; ರಮಾಬಾಯಿ ವಾಂಟೇಜ್‌ಗೆ ಬರೆದ ಪತ್ರಗಳು ಅವರಿಗೆ ಒಳ್ಳೆಯ ಆಧಾರ. ದಲಿತ ಕ್ರೈಸ್ತ ಚಿಂತಕರ ಪ್ರಶ್ನೆ ಬೇರೆ: ಹುಟ್ಟಿನಿಂದಲೇ ತನ್ನದೆಂಬುದೇನೂ ಇಲ್ಲದವನಿಗೆ ಎಲ್ಲವನ್ನೂ ಬಿಟ್ಟುಕೊಡು ಎನ್ನುವುದಕ್ಕಿಂತ ಮೊದಲು, ನೀನು ಒಬ್ಬ ಮನುಷ್ಯ, ನಿನ್ನದೆನ್ನುವುದು ಇರಲಿ ಎಂದು ಹೇಳಬೇಕಲ್ಲವೇ?

ಇನ್ನೊಂದು ತಕರಾರು ‘ಪೂರ್ಣಾವಧಿ ಸೇವೆ’ಯದು. ಸರ್ಕಾರಿ ನೌಕರಿ ಬಿಟ್ಟು ಸೇವೆಗೆ ಇಳಿದವನನ್ನು ಕೂಟಗಳಲ್ಲಿ ಮುಂದಿನ ಸಾಲಿಗೆ ಕರೆದು ಕೂರಿಸುವ ರೂಢಿ ಬೆಳೆದಿದೆ. ಅದೇ ನೌಕರಿಯಲ್ಲಿ ಲಂಚ ಮುಟ್ಟದೆ ಮೂವತ್ತು ವರ್ಷ ದುಡಿದವನು ಹಿಂದಿನ ಸಾಲಿನಲ್ಲೇ ಕೂತಿರುತ್ತಾನೆ. ಲೂಥರ್ ಎತ್ತಿದ ಪ್ರಶ್ನೆ ಹೀಗೆ ಪ್ರಾಟೆಸ್ಟೆಂಟ್ ಪರಂಪರೆಯಲ್ಲೇ ಮತ್ತೆ ಬಾಕಿ ಉಳಿದಿದೆ. ಗ್ರಾಮೀಣ ಸಭೆಗಳಲ್ಲಿ ಸಂಬಳವಿಲ್ಲದ ಸಭಾಹಿರಿಯರು, ಭಾನುವಾರದ ಶಾಲೆಯ ಟೀಚರುಗಳು, ಬೈಬಲ್ ಸ್ತ್ರೀಯರು ನಡೆಸಿಕೊಂಡು ಬಂದ ಕೆಲಸದ ಬಗ್ಗೆ ಕನ್ನಡದಲ್ಲಿ ಬರವಣಿಗೆ ತೀರ ಕಡಿಮೆ. ‘ಓಲ್ಡ್ ಡೇನಿಯಲ್’ನಂಥ ಪುಸ್ತಕವನ್ನು ಕನ್ನಡ ಸಭೆಗಳು ತಾವೇ ತಮ್ಮವರ ಬಗ್ಗೆ ಬರೆದುಕೊಂಡದ್ದು ಅಪರೂಪ.